ಮಾವನ ಅವರೆ, ನನ್ನ ಜಾಲಿ

ಬೀಜಗಳ ನಿದ್ದೆಯ ವಿಚಾರದಲ್ಲಿ ನನ್ನಷ್ಟು ಬಲ್ಲವನು ಗೌರಿಬಿದನೂರು ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ಬಹುಕಾಲ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಪಿಯು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕನಾಗಿ ಸೇರಿದ ವರ್ಷದಿಂದ ನಿವೃತ್ತನಾಗುವವರೆಗೆ ತಪ್ಪದೆ ‘ಬೀಜದ ಸುಪ್ತಾವಸ್ಥೆ’ ಎಂಬ ಪಾಠ ಮಾಡಿದ್ದೇನೆ. ಬೀಜ ಸತ್ತಿರುವುದಿಲ್ಲ, ಮಲಗಿರುತ್ತದೆ, ತಕ್ಕ ಕಾಲ ಬರುವವರೆಗೆ ಏಳುವುದಿಲ್ಲ ಎಂದು ನಾನು ಗಂಭೀರವಾಗಿ ಹೇಳುತ್ತಿದ್ದರೆ, ಹಿಂದಿನ ಬೆಂಚಿನವರು ಅದನ್ನು ತಾವೇ ಮಾಡಿ ತೋರಿಸುತ್ತಿದ್ದರು.

ಉದಾಹರಣೆಗೆ ನಾನು ಯಾವಾಗಲೂ ತೆಗೆದುಕೊಳ್ಳುತ್ತಿದ್ದುದು ಬಳ್ಳಾರಿ ಜಾಲಿಯನ್ನು. ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಮ್ಮ ಸೀಮೆಯ ಯಾವ ಕೆರೆಯಂಗಳಕ್ಕೆ ಹೋದರೂ ನೀರಿಗಿಂತ ಮೊದಲು ಅದೇ ಕಾಣುತ್ತದೆ. ಪರದೇಶದಿಂದ ಬಂದ ಗಿಡ. ಸೌದೆಗಾಗುತ್ತದೆಂದು ಯಾರೋ ತಂದರು, ಬಂದದ್ದು ಹೊರಡಲಿಲ್ಲ. ಅದರ ಬೀಜದ ಸಿಪ್ಪೆ ಎಷ್ಟು ಗಟ್ಟಿಯೆಂದರೆ ಒಂದು ಹನಿ ನೀರು ಒಳಗೆ ಹೋಗುವುದಿಲ್ಲ. ವರ್ಷಗಟ್ಟಲೆ ಮಣ್ಣಿನಲ್ಲಿ ಸುಮ್ಮನೆ ಮಲಗಿರಬಲ್ಲದು. ಎಬ್ಬಿಸಬೇಕಾದರೆ ಸಿಪ್ಪೆಯನ್ನು ಉಜ್ಜಬೇಕು, ಇಲ್ಲವೇ ಬಿಸಿನೀರು ಹುಯ್ಯಬೇಕು, ಇಲ್ಲವೇ ಆಮ್ಲದಲ್ಲಿ ನೆನೆಸಬೇಕು. ಈ ಮೂರು ವಿಧಾನಗಳನ್ನು ಎಷ್ಟು ಬ್ಯಾಚಿನ ಮಕ್ಕಳು ನನ್ನಿಂದ ಬಾಯಿಪಾಠ ಮಾಡಿ ಪಾಸಾಗಿದ್ದಾರೋ ಲೆಕ್ಕವಿಲ್ಲ. ಪರೀಕ್ಷೆಯಲ್ಲಿ ಫೇಲಾದವನು ನಾನೊಬ್ಬನೇ. ಅದೂ ನಿವೃತ್ತನಾದ ಮೇಲೆ.

ನನ್ನ ಹೆಂಡತಿ ಸರೋಜಳ ತವರು ಮಂಚೇನಹಳ್ಳಿಯ ಪಕ್ಕದ ಒಂದು ಹಳ್ಳಿ. ಮದುವೆಯಲ್ಲಿ ನನ್ನ ಮಾವ ಅವಳಿಗೆ ಅರಿಶಿನ ಕುಂಕುಮಕ್ಕೆಂದು ಒಂದು ಸಣ್ಣ ತುಂಡು ಹೊಲ ಬರೆದುಕೊಟ್ಟಿದ್ದರು. ಬದುಕಿರುವವರೆಗೂ ಮಗಳ ಹೊಲವನ್ನು ಅವರೇ ಉತ್ತು, ರಾಗಿ ಬಿತ್ತಿ, ರಾಗಿಯ ನಡುವೆ ಒಂದೊಂದು ಸಾಲು ಅವರೆ ಹಾಕಿ, ಸಂಕ್ರಾಂತಿಯ ಹೊತ್ತಿಗೆ ಒಂದು ಮೂಟೆ ಅವರೆಕಾಯಿಯನ್ನು ಬಸ್ಸಿನ ಮೇಲೆ ಹಾಕಿ ನಮಗೆ ಕಳಿಸುತ್ತಿದ್ದರು. ಅದು ಈಗ ವರ್ಷವೆಲ್ಲ ಮಾರ್ಕೆಟ್ಟಿನಲ್ಲಿ ಸಿಗುವ ಹೈಬ್ರಿಡ್ ಅವರೆಯಲ್ಲ. ಸೊಗಡಿನ ಅವರೆ. ಸುಲಿದ ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದರೂ ವಾಸನೆ ಹೋಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಹಿತಕಿದ ಬೇಳೆ ಸಾರು ಕುದಿಯುತ್ತಿದೆಯೆಂದು ಬೀದಿಗೆಲ್ಲ ಗೊತ್ತಾಗುತ್ತಿತ್ತು.

ಮಾವ ತೀರಿಕೊಂಡರು. ಹೊಲ ಬೀಳು ಬಿತ್ತು. ಬೀಳು ಬಿದ್ದ ಹೊಲಕ್ಕೆ ಜಾಲಿಯನ್ನು ಯಾರೂ ಕರೆಯಬೇಕಾಗಿಲ್ಲ. ಪಕ್ಕದ ಹೊಲ ಸರೋಜಳ ತಮ್ಮ ರಾಮಾಂಜಿಯದು. ಅವನು ಹಿಪ್ಪುನೇರಳೆ ಹಾಕಿಕೊಂಡು ರೇಷ್ಮೆ ಹುಳು ಮೇಯಿಸುತ್ತಿದ್ದಾನೆ. ಅಪ್ಪನ ಅವರೆ ಬೀಜವನ್ನು ಅವನು ಇಟ್ಟುಕೊಳ್ಳಲಿಲ್ಲ, ಊರಿನಲ್ಲಿ ಬೇರೆ ಯಾರೂ ಇಟ್ಟುಕೊಳ್ಳಲಿಲ್ಲ. ಉಳಿದದ್ದು ನಮ್ಮ ಅಡುಗೆಮನೆಯ ಅಟ್ಟದ ಮೇಲಿನ ಒಂದು ಕುಡಿಕೆಯಲ್ಲಿ ಮಾತ್ರ. ಮಾವ ಕೊನೆಯ ವರ್ಷ ಬಂದಾಗ, ಬೂದಿ ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿ, ತಮ್ಮ ಕೈಯಿಂದಲೇ ಇಟ್ಟು ಹೋದದ್ದು.

ಹೋದ ವರ್ಷ ಯುಗಾದಿಗೆ ತವರಿಗೆ ಹೋದಾಗ ಸರೋಜ ತಮ್ಮನ ಮುಂದೆ ಒಂದು ಮಾತು ಹೇಳಿದಳು. ಈ ಸಲ ಮಳೆ ಬಿದ್ದರೆ ತನ್ನ ಹೊಲಕ್ಕೆ ಅಪ್ಪನ ಅವರೆಯನ್ನೇ ಬಿತ್ತುತ್ತೇನೆ ಎಂದಳು. ರಾಮಾಂಜಿ ನಕ್ಕ. ಅವನದು ಕೆಟ್ಟ ನಗುವಲ್ಲ, ಅನುಭವಸ್ಥರ ನಗು.

“ಆ ಹಳೇ ಬೀಜ ಎಲ್ಲಿ ಬರ್ತದಕ್ಕ? ಆಗ್ಲೇ ಸತ್ತೋಗಿರ್ತವೆ. ನಾನೇ ಹೊಸ ಬೀಜ ತಂದ್ಕೊಡ್ತೀನಿ.”

“ಅಪ್ಪನ ಬೀಜ ಬರ್ತದೆ ಕಣೋ” ಎಂದಳು ಸರೋಜ. ಅಷ್ಟೇ ಹೇಳಿದ್ದು. ಆದರೆ ಹೇಳುವಾಗ ಅವಳ ದನಿ ಸ್ವಲ್ಪ ನಡುಗಿತು. ಆ ನಡುಕವನ್ನು ಕೇಳಿಸಿಕೊಂಡ ನನ್ನೊಳಗಿನ ಸಸ್ಯಶಾಸ್ತ್ರಜ್ಞ ಎದ್ದು ಕುಳಿತ. ಅವನು ಮಲಗಿದ್ದಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು.

ಇದು ನನ್ನ ಸಬ್ಜೆಕ್ಟು, ಇನ್ನು ನೀವಿಬ್ಬರೂ ನಿಶ್ಚಿಂತೆಯಿಂದಿರಿ ಎಂದು ಘೋಷಿಸಿದೆ. ರಾಮಾಂಜಿ ಗೌರವದಿಂದ ತಲೆಯಾಡಿಸಿದ. ಸರೋಜ ನನ್ನ ಮುಖವನ್ನೇ ನೋಡಿದಳು. ಮಿಕ್ಸಿ ರಿಪೇರಿ ಮಾಡುತ್ತೇನೆಂದು ನಾನು ಸ್ಕ್ರೂಡ್ರೈವರ್ ಹಿಡಿದ ದಿನ ಹೀಗೇ ನೋಡಿದ್ದಳು. ಆ ಮಿಕ್ಸಿಯ ಜಾರಿನಲ್ಲಿ ಈಗ ತುಳಸಿ ಗಿಡವಿದೆ.

ಮೊದಲ ಕೆಲಸ ಜಾಲಿ ತೆಗೆಸುವುದು. ಜೆಸಿಬಿ ಬಂತು, ಬುಡಸಮೇತ ಕಿತ್ತಿತು. ಬೇರೂ ಉಳಿಯದಂತೆ ನಾನು ನಿಂತು ಮೇಲ್ವಿಚಾರಣೆ ಮಾಡಿದೆ. ಮುಳ್ಳು ಚುಚ್ಚಿಸಿಕೊಂಡೆ, ಧೂಳು ಕುಡಿದೆ, ಟಿಟಿ ಇಂಜೆಕ್ಷನ್ ಹಾಕಿಸಿಕೊಂಡೆ. ಸಂಜೆ ಹೊಲ ಅಂಗೈಯಂತೆ ಬೋಳಾಗಿತ್ತು. ಇನ್ನು ಈ ನೆಲದಲ್ಲಿ ಜಾಲಿ ಎಂಬ ಹೆಸರು ಕೇಳಿಸುವುದಿಲ್ಲ ಎಂದು ರಾಮಾಂಜಿಗೆ ಭರವಸೆ ಕೊಟ್ಟೆ. ಬೀಜ ಮಣ್ಣಿನಲ್ಲಿ ಅಷ್ಟಿಷ್ಟು ಉಳಿದಿರಬಹುದು, ಆದರೆ ಅವು ಗಾಢನಿದ್ದೆಯಲ್ಲಿರುತ್ತವೆ, ಯಾರಾದರೂ ಆಮ್ಲ ತಂದು ಸುರಿದರೆ ಮಾತ್ರ ಏಳುತ್ತವೆ, ಯಾರು ತರುತ್ತಾರೆ ಎಂದು ಕೇಳಿದೆ. ಅವನು ಜೆಸಿಬಿಯವನ ಲೆಕ್ಕ ಚುಕ್ತಾ ಮಾಡಲು ಹೋದ.

ಎರಡನೆಯ ಕೆಲಸ ಗೊಬ್ಬರ. ನಮ್ಮ ಕಡೆ ಬಿತ್ತನೆಗೆ ಮುಂಚೆ ಹೊಲದಲ್ಲಿ ಕುರಿಮಂದೆ ನಿಲ್ಲಿಸುವ ಪದ್ಧತಿಯಿದೆ. ಹಗಲೆಲ್ಲ ಎಲ್ಲೆಲ್ಲೋ ಮೇಯ್ದು ಬಂದ ಮಂದೆಯನ್ನು ರಾತ್ರಿ ಹೊಲದಲ್ಲಿ ತಂಗಿಸಿದರೆ, ಅವುಗಳ ಹಿಕ್ಕೆ, ಗಂಜಳ ಬಿದ್ದು ನೆಲ ಕೊಬ್ಬುತ್ತದೆ. ರಾಮಾಂಜಿ ಎರಡು ಮಂದೆಗಳ ಸುದ್ದಿ ತಂದ. ಒಂದು ಬೀಳು ಭೂಮಿಯಲ್ಲಿ ಒಣಹುಲ್ಲು ಮೇಯುತ್ತಿದ್ದ ಬಡಕಲು ಮಂದೆ. ಇನ್ನೊಂದು ಕೆರೆಯಂಗಳದಲ್ಲಿ ಬೀಡುಬಿಟ್ಟಿದ್ದ, ಮೈ ಮಿರುಗುವ, ಹೊಟ್ಟೆ ಉಬ್ಬಿದ ಮಂದೆ. ವಿದ್ಯಾವಂತನಾದವನು ಯಾವುದನ್ನು ಆರಿಸುತ್ತಾನೆಂದು ಹೇಳಬೇಕಾಗಿಲ್ಲ.

ಆ ಮಂದೆಯ ಯಜಮಾನ ಚಿಕ್ಕಮುನಿಯಪ್ಪ. ಅವನನ್ನು ಮಾತನಾಡಿಸಲು ಕೆರೆಯಂಗಳಕ್ಕೆ ಹೋದೆ. ನೆತ್ತಿ ಸುಡುವ ಬಿಸಿಲು. ಜಾಲಿ ಮರಗಳಲ್ಲಿ ಹಳದಿ ಕಾಯಿ ಗೊಂಚಲು ಗೊಂಚಲಾಗಿ ಹಣ್ಣಾಗಿ, ಉದುರಿ, ನೆಲದ ಮೇಲೆ ಹಾಸಿತ್ತು. ಕುರಿಗಳು ತಲೆ ಎತ್ತದೆ ತಿನ್ನುತ್ತಿದ್ದವು. ನನಗೆ ಜಾಲಿ ಕಂಡರೆ ಪಾಠ ನೆನಪಾಗುತ್ತದೆ. ಚಿಕ್ಕಮುನಿಯಪ್ಪನನ್ನು ಕೂರಿಸಿಕೊಂಡು ಆ ಬೀಜದ ಸಿಪ್ಪೆಯ ಗಟ್ಟಿತನ, ಅದರ ನಿದ್ದೆ, ಆಮ್ಲದಿಂದ ಸಿಪ್ಪೆ ಮೆತ್ತಗಾಗುವ ರೀತಿ, ಎಲ್ಲವನ್ನೂ ವಿವರಿಸಿದೆ. ಅವನು ಬೀಡಿ ಆರಿಸಿ ಭಕ್ತಿಯಿಂದ ಕೇಳಿದ. ಆಮೇಲೆ ತನ್ನ ಸರಕಿನ ಗುಣಗಾನ ಮಾಡಿದ.

“ಈ ಜಾಲಿಕಾಯಿ ತಿಂದೇ ಸಾರ್ ಇವು ಹಿಂಗೆ ಗುಂಡಗಾಗಿರೋದು. ಬ್ಯಾರೆ ಮೇವೇ ಬ್ಯಾಡ ಅಂತವೆ. ಎಂಗವೆ ನೋಡಿ.”

ನೋಡಿದೆ. ಮೆಚ್ಚಿದೆ. ಆಮ್ಲ ಬೇಕು ಎಂದು ಐದು ನಿಮಿಷದ ಹಿಂದೆ ಹೇಳಿದವನೂ ನಾನೇ. ಕುರಿಯ ಹೊಟ್ಟೆಯಲ್ಲಿ ಆಮ್ಲವಿರುತ್ತದೆ ಎಂಬುದನ್ನು ಓದಿದ್ದವನೂ ನಾನೇ. ಆದರೆ ಬೀಜ ಸಸ್ಯಶಾಸ್ತ್ರದ್ದು, ಕುರಿಯ ಹೊಟ್ಟೆ ಪ್ರಾಣಿಶಾಸ್ತ್ರದ್ದು. ನಮ್ಮ ಕಾಲೇಜಿನಲ್ಲಿ ಅದನ್ನು ಬೇರೊಬ್ಬರು ಪಾಠ ಮಾಡುತ್ತಿದ್ದರು. ಅವರ ಪೀರಿಯಡ್ಡಿನಲ್ಲಿ ನಾನು ತಲೆ ಹಾಕಿದವನಲ್ಲ.

ಮಂದೆ ಬಂತು. ನಾಲ್ಕಾರು ರಾತ್ರಿ ಸರೋಜಳ ಹೊಲದಲ್ಲಿ ಮಲಗೆದ್ದು ಹೋಯಿತು. ನೆಲದ ತುಂಬ ಕಪ್ಪು ಹಿಕ್ಕೆ, ಕೈಯಲ್ಲಿ ಎರಚಿದರೂ ಅಷ್ಟು ಸಮನಾಗಿ ಬೀಳುತ್ತಿರಲಿಲ್ಲ. ಕಣ್ತುಂಬ ನೋಡಿಕೊಂಡು ಮನೆಗೆ ಬಂದೆ.

ಇನ್ನು ಉಳಿದದ್ದು ಕುಡಿಕೆಯಲ್ಲಿದ್ದ ಅವರೆ. ಒದ್ದೆ ಬಟ್ಟೆಯಲ್ಲಿ ಒಂದು ಹಿಡಿ ಕಟ್ಟಿಟ್ಟರೆ ಮೊಳಕೆ ಬರುತ್ತದೋ ಇಲ್ಲವೋ ಗೊತ್ತಾಗುತ್ತದೆ ಎಂದಳು ಸರೋಜ. ಅದು ಅಡುಗೆಮನೆಯ ವಿಧಾನ, ಶಾಸ್ತ್ರೀಯವಾಗಿ ನೋಡಬೇಕು ಎಂದು ನಾನು ಒಂದಷ್ಟು ಕಾಳು ಇಸಿದುಕೊಂಡು, ಮಹಡಿಯ ಮೇಲೆ ಕುಂಡದಲ್ಲಿ ಊರಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದೆ. ವಾರವಾಯಿತು. ಒಂದೂ ಬರಲಿಲ್ಲ. ಇನ್ನೂ ಕೆಲವು ದಿನ ಕಾದೆ. ಕುಂಡದಲ್ಲಿ ಮಣ್ಣು ಬಿಟ್ಟರೆ ಏನೂ ಇರಲಿಲ್ಲ.

ವಿಷಯ ಹೇಳಿದಾಗ ಸರೋಜ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. “ರಾಮಾಂಜಿ ಹೇಳಿದ್ದೇ ಸರಿ ಅನ್ಸುತ್ತೆ ಬಿಡಿ” ಎಂದಳು. ಅವಳ ಮುಖ ಅಷ್ಟು ಸಣ್ಣಗಾದದ್ದನ್ನು ನಾನು ಮಾವ ತೀರಿಕೊಂಡ ದಿನದ ನಂತರ ನೋಡಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಬೀಜ ಸತ್ತಿಲ್ಲ ಕಣೇ, ಇದು ಸುಪ್ತಾವಸ್ಥೆ, ಎಬ್ಬಿಸುವುದು ನನ್ನ ಜವಾಬ್ದಾರಿ ಎಂದೆ. ಈ ಮಾತನ್ನು ಅವಳ ಸಮಾಧಾನಕ್ಕೆಂದು ಶುರುಮಾಡಿದೆ. ಹೇಳಿ ಮುಗಿಸುವ ಹೊತ್ತಿಗೆ ನಾನೇ ನಂಬಿದ್ದೆ.

ಅಷ್ಟರಲ್ಲಿ ಚಿಂತಾಮಣಿಯಲ್ಲಿದ್ದ ಅವಳ ದೊಡ್ಡಪ್ಪನ ಮೊಮ್ಮಗಳ ಸೀಮಂತ ಬಂತು. ಸರೋಜ ಹೊರಟಳು. ಪುನರ್ವಸು ಮಳೆ ಚೆನ್ನಾಗಿ ಬಿದ್ದಿತ್ತು. ಅವಳು ವಾಪಸು ಬರುವ ದಿನವೇ ಬಿತ್ತನೆಯೆಂದು ರಾಮಾಂಜಿ ಹೇಳಿದ್ದ. ಬಸ್ಸು ಹತ್ತುವಾಗ ಕಿಟಕಿಯಿಂದ ಬಗ್ಗಿ, ಬೀಜವನ್ನು ಹಾಗೇ ಕುಡಿಕೆಯಲ್ಲೇ ಹೊಲಕ್ಕೆ ತನ್ನಿ, ಬಂದಷ್ಟು ಬರಲಿ, ದೇವರಿದ್ದಾನೆ ಎಂದಳು. ದೇವರಿದ್ದಾನೆ ನಿಜ. ಆದರೆ ಬಿ.ಎಸ್‌ಸಿ., ಎಂ.ಎಸ್‌ಸಿ. ಓದಿ ದೇವರ ಮೇಲೆ ಭಾರ ಹಾಕಿ ಕೂರುವುದು ಶೋಭೆಯೇ?

ಮನೆಗೆ ಬಂದವನೇ ಕುಡಿಕೆ ಇಳಿಸಿದೆ. ಮೊದಲು ಯೋಗ್ಯತಾ ಪರೀಕ್ಷೆ. ಬಕೆಟ್ಟಿನ ನೀರಿಗೆ ಕಾಳನ್ನೆಲ್ಲ ಸುರಿದೆ. ಮುಳುಗಿದವು ಗಟ್ಟಿ, ತೇಲಿದವು ಜೊಳ್ಳು. ಇದು ಯಾವ ಪುಸ್ತಕ ತೆರೆದರೂ ಇದೆ. ತೇಲಿದ ಕಾಳುಗಳನ್ನು ಬೊಗಸೆಯಲ್ಲಿ ತೆಗೆದು, ಅಯೋಗ್ಯವೆಂದು ತೀರ್ಮಾನಿಸಿ, ಹಿತ್ತಲ ಬಾಗಿಲಲ್ಲಿ ನಿಂತು ಬಚ್ಚಲ ನೀರು ಹೋಗುವ ಮೋರಿಗೆ ಎಸೆದೆ. ಮುಳುಗಿದವುಗಳನ್ನು ಪ್ರೀತಿಯಿಂದ ಬಟ್ಟೆಯ ಮೇಲೆ ಹರಡಿದೆ. ಮಾವನೇ ಎದುರಿಗೆ ಕುಳಿತಿದ್ದಂತೆ ಅನ್ನಿಸಿತು.

ಇನ್ನು ಎಬ್ಬಿಸುವ ಕೆಲಸ. ಉಜ್ಜುವುದಕ್ಕೆ ಮನಸ್ಸಾಗಲಿಲ್ಲ, ಆಮ್ಲ ಮನೆಯಲ್ಲಿರಲಿಲ್ಲ. ಉಳಿದದ್ದು ಬಿಸಿನೀರು. ನೀರು ಕುದಿಸಿ, ಒಲೆಯಿಂದ ಇಳಿಸಿ, ಬೀಜ ಹಾಕಿ, ಅದು ತಾನಾಗಿ ಆರುವವರೆಗೆ ಬಿಡಬೇಕು. ಜಾಲಿಗೆ ಹೇಳಿದ ವಿಧಾನ ಅದು. ಅವರೆ ಜಾಲಿಯಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಎರಡೂ ಒಂದೇ ಕುಟುಂಬ. ಒಂದೇ ಕುಟುಂಬದವರಿಗೆ ಒಂದೇ ಔಷಧಿ ನಾಟುತ್ತದೆ ಎಂದುಕೊಂಡೆ. ಅಲ್ಲಿಗಾದರೂ ನಿಂತಿದ್ದರೆ ಅರ್ಧ ಕಾಳಾದರೂ ಉಳಿಯುತ್ತಿತ್ತೋ ಏನೋ. ಮಳೆಗಾಲದ ಚಳಿಗೆ ಪಾತ್ರೆಯ ನೀರು ಬೇಗ ಆರಿಬಿಡುತ್ತದೆ, ಬೀಜಕ್ಕೆ ಪೂರ್ತಿ ಶಾಖ ಸಿಗುವುದಿಲ್ಲ ಎಂಬ ಸೂಕ್ಷ್ಮ ನನಗೆ ಹೊಳೆಯಿತು. ಕಾಫಿಯ ಫ್ಲಾಸ್ಕು ಕಣ್ಣಿಗೆ ಬಿತ್ತು.

ಫ್ಲಾಸ್ಕಿಗೆ ಕಾಳು ತುಂಬಿ, ಕುದಿವ ನೀರು ಹುಯ್ದು, ಮುಚ್ಚಳ ಬಿಗಿದು, ಮಲಗಿದೆ. ಒಳ್ಳೆಯ ಕಂಪನಿಯ ಫ್ಲಾಸ್ಕು. ಬೆಳಿಗ್ಗೆ ಮುಚ್ಚಳ ತೆಗೆದಾಗ ಇನ್ನೂ ಹಬೆಯಾಡುತ್ತಿತ್ತು! ಕಾಳುಗಳು ಎರಡರಷ್ಟು ಉಬ್ಬಿದ್ದವು. ಬೀಜ ನೀರು ಹೀರಿ ಉಬ್ಬುವುದೇ ಮೊಳಕೆಯ ಮೊದಲ ಹೆಜ್ಜೆಯೆಂದು ನಾನೇ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಸಂತೋಷದಲ್ಲಿ ಕಣ್ಣು ಒದ್ದೆಯಾಯಿತು. ಮನೆಯಲ್ಲೆಲ್ಲ ಯಾಕೋ ಸಾರಿನ ವಾಸನೆ ಬರುತ್ತಿತ್ತು. ಪಕ್ಕದ ಮನೆಯ ಪರ್ವೀನ್ ಬೇಗ ಅಡುಗೆಗೆ ಇಟ್ಟಿರಬೇಕೆಂದುಕೊಂಡು, ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಂಡು ಮಂಚೇನಹಳ್ಳಿಯ ಬಸ್ಸು ಹಿಡಿದೆ.

ಸರೋಜ ಚಿಂತಾಮಣಿಯಿಂದ ನೇರವಾಗಿ ಹೊಲಕ್ಕೇ ಬಂದಿದ್ದಳು. ಸೀಮಂತದ ಹಸಿರು ಬಳೆ ಕೈಯಲ್ಲಿ ಹಾಗೇ ಇತ್ತು. ರಾಮಾಂಜಿ ರಾಗಿ ಬಿತ್ತಿ ಮುಗಿಸಿ, ಅವರೆಗೆಂದು ಬಿಟ್ಟ ಸಾಲುಗಳಲ್ಲಿ ನೇಗಿಲು ಹೊಡೆಸಿ ನಿಂತಿದ್ದ. ಬೀಜ ಎದ್ದಿದೆ, ಮುಟ್ಟಿ ನೋಡು ಎಂದು ಗಂಟನ್ನು ಅವಳ ಮಡಿಲಿಗೆ ಹಾಕಿದೆ. ಅವಳು ಗಂಟು ಬಿಚ್ಚಿದಳು. ಒಂದು ಕಾಳು ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದಳು. ನನ್ನನ್ನು ನೋಡಿದಳು, ರಾಮಾಂಜಿಯನ್ನು ನೋಡಿದಳು.

“ಬರ್ತದಾ ಅಕ್ಕ?” ಎಂದ ರಾಮಾಂಜಿ.

“ಬರ್ತದೆ” ಎಂದಳು.

ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾಲಿಗಿಳಿದು, ಅಪ್ಪ ಹಾಕುತ್ತಿದ್ದ ಹಾಗೆಯೇ ಒಂದೊಂದು ಹೆಜ್ಜೆಗೆ ಒಂದೊಂದು ಕಾಳು ಬಿಡುತ್ತ ಹೋದಳು. ಒಂದೆರಡು ಸಲ ಕಣ್ಣೊರೆಸಿಕೊಂಡಳು. ಆನಂದಬಾಷ್ಪವೆಂದು ನಾನು ರಾಮಾಂಜಿಗೆ ಕಿವಿಯಲ್ಲಿ ಹೇಳಿದೆ.

ಹತ್ತು ಹನ್ನೆರಡು ದಿನ ಕಳೆದು ಒಬ್ಬನೇ ಹೊಲಕ್ಕೆ ಹೋದೆ. ಏನೆಂದು ಹೇಳಲಿ! ರಾಗಿಯ ಹುಲ್ಲಿನಂಥ ಎಳೆಗಳ ನಡುವೆ ಎರಡೆರಡು ದಪ್ಪ ದಳದ ಮೊಳಕೆಗಳು ತಲೆ ಎತ್ತಿದ್ದವು. ಅವರೆಯ ಸಾಲಿನಲ್ಲಿದ್ದವು, ಸಾಲಿನ ಆಚೆ ಇದ್ದವು, ಬದುವಿನ ಮೇಲೂ ಇದ್ದವು. ಹಾಕಿದ್ದಕ್ಕಿಂತ ಹೆಚ್ಚು ಬಂದಿದೆಯಲ್ಲ ಎಂದು ಒಂದು ಕ್ಷಣ ಅನುಮಾನವಾಯಿತು. ಮಳೆನೀರು ಕಾಳನ್ನು ಅತ್ತಿತ್ತ ಒಯ್ದಿರಬೇಕು ಎಂದು ಶಾಸ್ತ್ರೀಯವಾಗಿ ಪರಿಹರಿಸಿಕೊಂಡೆ. ಬೆಳೆವ ಸಿರಿ ಮೊಳಕೆಯಲ್ಲಿ ಎಂದಿಲ್ಲವೇ? ಅಲ್ಲಿಂದಲೇ ಶಿಡ್ಲಘಟ್ಟಕ್ಕೆ ರೇಷ್ಮೆಗೂಡು ಮಾರಲು ಹೋಗಿದ್ದ ರಾಮಾಂಜಿಗೆ ಫೋನು ಹಚ್ಚಿ, ಸತ್ತ ಬೀಜ ಎಂದೆಯಲ್ಲ, ಬಂದು ನೋಡು ಎಂದೆ. ಮನೆಗೆ ಬಂದು ಸರೋಜಳಿಗೂ ಹೇಳಿದೆ. ಅವಳು ಬಹಳ ಆಶ್ಚರ್ಯದಿಂದ ನನ್ನನ್ನು ನೋಡಿದಳು. ಬಂದಿದೆಯಾ, ನಿಜವಾಗಿ ಬಂದಿದೆಯಾ ಎಂದು ಮತ್ತೆ ಮತ್ತೆ ಕೇಳಿದಳು.

ರಾಮಾಂಜಿಗೆ ಬಿಡುವಾಗಿ ನಾವು ಮೂವರೂ ಹೋಗುವ ಹೊತ್ತಿಗೆ ಇನ್ನಷ್ಟು ದಿನ ಕಳೆದಿತ್ತು. ಮೊಳಕೆಗಳು ಎಲೆ ಬಿಟ್ಟಿದ್ದವು. ಅವರೆಯ ಅಗಲ ಎಲೆಯಲ್ಲ. ಸಣ್ಣ ಸಣ್ಣ, ಬಾಚಣಿಗೆಯ ಹಲ್ಲಿನಂಥ ಎಲೆ. ರಾಮಾಂಜಿ ಕೂತು ಒಂದನ್ನು ಬೆರಳಲ್ಲಿ ಮುಟ್ಟಿ, ತಕ್ಷಣ ಕೈ ಹಿಂತೆಗೆದ. ಎಳೆಯ ಮುಳ್ಳು ಬಂದಿತ್ತು.

“ಬಾವ, ಇದ್ಯಾವ ಅವರೆ?”

ನಾನು ಕನ್ನಡಕ ಒರೆಸಿಕೊಂಡೆ. ಹೊಲದ ಈ ತುದಿಯಿಂದ ಆ ತುದಿಯವರೆಗೆ, ಯಾರೋ ಅಳತೆ ಹಿಡಿದು ಬಿತ್ತಿದಂತೆ, ಬಳ್ಳಾರಿ ಜಾಲಿ. ಏನಾದರೂ ಹೇಳಬೇಕಿತ್ತು. ಇದೂ ಅವರೆಯೂ ಒಂದೇ ಕುಟುಂಬ ಎಂದೆ. ಕುಟುಂಬದ ಮಟ್ಟಿಗೆ ನನ್ನ ಗುರುತು ಸರಿಯಾಗಿಯೇ ಇತ್ತು ಎಂಬುದನ್ನು ಈಗಲೂ ದಾಖಲಿಸಬಯಸುತ್ತೇನೆ.

ಕಾಲಬುಡದಲ್ಲಿ ಮಳೆಗೆ ನೆನೆದ ಒಂದು ಕುರಿ ಹಿಕ್ಕೆ ಬಿದ್ದಿತ್ತು. ಕಡ್ಡಿಯಲ್ಲಿ ಬಿಡಿಸಿದೆ. ಅದರ ನಡುವೆ ಒಂದು ಜಾಲಿ ಬೀಜ ಸಿಪ್ಪೆ ಬಿರಿದು, ಬಿಳಿ ಬೇರು ಚಾಚಿಕೊಂಡು, ಹಾಯಾಗಿ ಕುಳಿತಿತ್ತು. ಆಮ್ಲವನ್ನು ಯಾರು ತರುತ್ತಾರೆ ಎಂದು ಕೇಳಿದ್ದೆನಲ್ಲ, ನಾನೇ ತರಿಸಿದ್ದೆ. ಮಲಗಿದ್ದ ಜಾಲಿಗೆ ಆಮ್ಲ ಕುಡಿಸಿ, ಗೊಬ್ಬರದ ಹಾಸಿಗೆ ಹಾಸಿ, ನೆಲದಲ್ಲಿಟ್ಟು ಮಳೆಗೆ ಕಾದಿದ್ದೆ. ನನ್ನ ಸೇವಾವಧಿಯಲ್ಲಿ ಇಷ್ಟು ಯಶಸ್ವಿಯಾದ ಪ್ರಯೋಗವನ್ನು ನಾನು ಮಾಡಿರಲಿಲ್ಲ.

ಅವರೆ ಮಾತ್ರ ಒಂದೂ ಇರಲಿಲ್ಲ. ರಾಮಾಂಜಿ ನನ್ನನ್ನು ಹೀಯಾಳಿಸಲಿಲ್ಲ, ಅದೇ ಹೆಚ್ಚು ನೋವಾಯಿತು. ಹೋಗ್ಲಿ ಬಿಡಕ್ಕ, ಬೀಜ ಹಳೇದು ಎಂದು ಸರೋಜಳಿಗೆ ಮೆಲ್ಲಗೆ ಹೇಳಿ, ಬೈಕು ಹತ್ತಿ ಹೊರಟುಹೋದ. ಮನೆಗೆ ಬಂದ ಮೇಲೆ ನಾನೇ ಬಾಯಿಬಿಟ್ಟು, ಬಿಸಿನೀರು ಸ್ವಲ್ಪ ಹೆಚ್ಚಾಯಿತೇನೋ ಎಂದೆ. ಫ್ಲಾಸ್ಕಿನ ಕತೆಯನ್ನೂ ಹೇಳಿದೆ.

“ಅವತ್ತೇ ಗೊತ್ತಾಯ್ತು ಕಣ್ರೀ” ಎಂದಳು ಸರೋಜ. “ಬೆರಳಲ್ಲಿ ಹಿಡಿದ್ರೆ ಸಿಪ್ಪೆ ಬಿಟ್ಟು ಬೇಳೆ ಈಚೆಗೆ ಬಂತು. ಹದವಾಗಿ ಬೆಂದಿತ್ತು. ಉಪ್ಪು ಹಾಕಿದ್ರೆ ತಿನ್ಬೋದಿತ್ತು.”

“ಮತ್ತೆ ಯಾಕೆ ಬಿತ್ತಿದೆ?”

“ರಾಮಾಂಜಿ ನಿಂತಿದ್ದ. ಅವನ ಮುಂದೆ ನಿಮ್ಮನ್ನ ನಗೆಪಾಟಲು ಮಾಡ್ಲಾ?”

ಹೇಳಿ ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೆಂದ ಕಾಳು ಎಂದು ಗೊತ್ತಿದ್ದೂ, ಅಪ್ಪನ ಕೊನೆಯ ಬೀಜವನ್ನು ಒಂದೊಂದಾಗಿ ಮಣ್ಣಿಗೆ ಹಾಕುತ್ತ, ಅಷ್ಟು ಸಾಲು ನಡೆದಿದ್ದಳು. ನಾನು ಬದುವಿನ ಮೇಲೆ ನಿಂತು ಆನಂದಬಾಷ್ಪ ಎಂದಿದ್ದೆ. ನನ್ನ ಮೇಲೆ ನನಗೇ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಅಲ್ಲಿಂದ ಮುಂದೆ ನನ್ನ ವಾನಪ್ರಸ್ಥ ಶುರುವಾಯಿತು. ದಿನ ಬಿಟ್ಟು ದಿನ ಹೊಲಕ್ಕೆ ಹೋಗಿ ಜಾಲಿ ಕೀಳುವುದು. ಮೇಲೆ ಬೆರಳುದ್ದ ಇದ್ದರೆ ಕೆಳಗೆ ಮೊಳದುದ್ದ ಬೇರು. ಎಳೆದರೆ ತುಂಡಾಗುತ್ತದೆ, ತುಂಡಾದರೆ ಮತ್ತೆ ಚಿಗುರುತ್ತದೆ. ಹಾದಿಯಲ್ಲಿ ಹೋಗುವವರು, ಏನು ಮೇಷ್ಟ್ರೇ, ಬೆಳೆ ಚೆನ್ನಾಗೈತೆ ಎನ್ನುತ್ತಿದ್ದರು. ಚಿಕ್ಕಮುನಿಯಪ್ಪ ಒಂದು ದಿನ ಮಂದೆ ಹೊಡೆದುಕೊಂಡು ಹೋಗುವಾಗ ನಿಂತು ನೋಡಿ, ನಮ್ ಕುರಿ ನಿಂತ ಹೊಲ ಯಾವತ್ತೂ ಬರಡಾಗಲ್ಲ ಸಾರ್ ಎಂದು ಹೆಮ್ಮೆಪಟ್ಟ. ಅದನ್ನು ನಿರಾಕರಿಸಲು ನನ್ನ ಬಳಿ ಸಾಕ್ಷ್ಯವಿರಲಿಲ್ಲ.

ಗಾಯದ ಮೇಲೆ ಬರೆ ಎಳೆದಂತೆ ಇನ್ನೊಂದು ಸತ್ಯ ಮಹಡಿಯ ಮೇಲೆ ಕಾದಿತ್ತು. ನೀರಿನ ಟ್ಯಾಂಕಿನ ಹಿಂದೆ ಕಸ ಗುಡಿಸುವಾಗ ಒಂದು ಇಲಿ ಗೂಡು ಸಿಕ್ಕಿತು. ಗೂಡಿನ ಸುತ್ತ ಅವರೆ ಸಿಪ್ಪೆಯ ಗುಡ್ಡೆ. ನಾನು ಕುಂಡದಲ್ಲಿ ಊರಿದ ಪರೀಕ್ಷಾರ್ಥಿ ಕಾಳುಗಳು! ಮಾವನ ಬೀಜಕ್ಕೆ ಯಾವ ಸುಪ್ತಾವಸ್ಥೆಯೂ ಇರಲಿಲ್ಲ. ಒಂದು ಕಾಳೂ ಮಲಗಿರಲಿಲ್ಲ. ಇಲಿ ಎದ್ದಿತ್ತು, ಅಷ್ಟೆ. ಈ ಸಂಶೋಧನೆಯನ್ನು ನಾನು ಸರೋಜಳಿಗೆ ಕೂಡಲೇ ವರದಿ ಮಾಡಲಿಲ್ಲ.

ಚಳಿ ಬಂತು. ಮಾರ್ಕೆಟ್ಟಿಗೆ ಅವರೆಕಾಯಿ ಬಂತು. ಸರೋಜ ತರಬೇಡಿ ಎಂದಳು, ನಾನು ತರಲಿಲ್ಲ. ಹಾಗಿರುವಾಗ ಒಂದು ಬೆಳಿಗ್ಗೆ ಪರ್ವೀನ್ ಒಂದು ತಟ್ಟೆಯ ಮೇಲೆ ಬಟ್ಟೆ ಮುಚ್ಚಿಕೊಂಡು ಬಂದಳು. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಒಂದೇ ಗೋಡೆ. ನಮ್ಮ ಬಚ್ಚಲ ನೀರು ಆ ಗೋಡೆಯ ಕಿಂಡಿಯಿಂದ ಅವರ ಸೀಬೆ ಗಿಡದ ಬುಡಕ್ಕೆ ಹೋಗುತ್ತದೆ. ಈ ವ್ಯವಸ್ಥೆ ಎರಡೂ ಮನೆಗೆ ಒಪ್ಪಿಗೆಯಾಗಿ ವರ್ಷಗಳಾಗಿವೆ.

“ಅಕ್ಕ, ಸೀಬೆ ಗಿಡದ ಮೇಲೆ ಯಾವ್ದೋ ಬಳ್ಳಿ ಹಬ್ಬಿತ್ತು. ಹಕ್ಕಿ ತಂದು ಹಾಕಿರ್ಬೇಕು ಅಂತ ನಾನೂ ಸುಮ್ನಿದ್ದೆ. ಈಗ ನೋಡಿ, ಕಾಯಿ ಬಿಟ್ಟಿದೆ. ಒಂಥರಾ ವಾಸ್ನೆ ಬರುತ್ತೆ. ತಿನ್ಬೋದಾ ಅಂತ ಕೇಳೋಣ ಅಂತ ತಂದೆ.”

ಬಟ್ಟೆ ತೆಗೆದಳು. ಸರೋಜ ಒಂದು ಕಾಯಿ ಎತ್ತಿಕೊಂಡಳು. ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿ, ಬೆರಳನ್ನು ಮೂಗಿಗೆ ಹಿಡಿದಳು. ಹಾಗೇ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತುಬಿಟ್ಟಳು.

“ಅಪ್ಪನ ಅವರೆ” ಎಂದಳು.

ಕುಳಿತಲ್ಲಿಂದಲೇ ನನ್ನ ಕಡೆ ತಿರುಗಿದಳು. ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಬಕೆಟ್ಟಿನ ಪರೀಕ್ಷೆ, ತೇಲಿದ ಕಾಳುಗಳು, ಅಯೋಗ್ಯವೆಂಬ ತೀರ್ಮಾನ, ಮೋರಿಗೆ ಎಸೆದದ್ದು, ಎಲ್ಲ ಹೇಳಿದೆ. ಅದರ ಜೊತೆಗೆ ಇಲಿಯ ವಿಷಯವನ್ನೂ ಹೇಳಿಬಿಟ್ಟೆ. ನಾನು ಗಟ್ಟಿ ಎಂದವು ಬೆಂದವು, ನಾನು ಜೊಳ್ಳು ಎಂದವು ಬಚ್ಚಲ ನೀರಿನಲ್ಲಿ ತೇಲಿಕೊಂಡು ನನ್ನ ಕೈಯಿಂದ ತಪ್ಪಿಸಿಕೊಂಡು, ಗೋಡೆ ದಾಟಿ, ಪರ್ವೀನಳ ಆಶ್ರಯದಲ್ಲಿ ಬದುಕಿದ್ದವು. ಸರೋಜ ಕೇಳುತ್ತ ಕೇಳುತ್ತ ನಗತೊಡಗಿದಳು. ಬಿತ್ತನೆಯ ದಿನದಿಂದ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಕಣ್ಣೀರು ಬರುವಷ್ಟು ನಕ್ಕಳು. ಈ ಸಲದ ಕಣ್ಣೀರಿಗೆ ನಾನು ಹೆಸರಿಡಲು ಹೋಗಲಿಲ್ಲ.

ಆ ವರ್ಷ ಒಂದು ಕಾಯಿಯನ್ನೂ ಸಾರಿಗೆ ಹಾಕಲಿಲ್ಲ. ಬಳ್ಳಿಯಲ್ಲೇ ಒಣಗಲು ಬಿಟ್ಟು, ಪರ್ವೀನಳೂ ಸರೋಜಳೂ ಸೇರಿ ಬಿಡಿಸಿದರು. ವಿಷಯ ತಿಳಿದು ರಾಮಾಂಜಿ ಬಂದ. ಒಂದು ಕಾಳು ಎತ್ತಿ, ಅಂಗೈಯಲ್ಲಿ ಹೊರಳಿಸಿ, ತುಂಬ ಹೊತ್ತು ನೋಡಿದ. “ನಂಗೂ ಒಂದಿಷ್ಟು ಕೊಡಕ್ಕ” ಎಂದ. ಕೊಟ್ಟಳು. ಪರ್ವೀನಳಿಗೆ ಕೊಟ್ಟಳು. ಉಳಿದದ್ದನ್ನು ಬೂದಿ ಬೆರೆಸಿ ಅದೇ ಕುಡಿಕೆಗೆ ತುಂಬಿ, ಅಟ್ಟಕ್ಕೇರಿಸಿ, ಏಣಿಯನ್ನು ಪರ್ವೀನಳ ಮನೆಗೆ ಕಳಿಸಿದಳು. ಫ್ಲಾಸ್ಕು ಎಲ್ಲಿದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಈ ವರ್ಷ ಮತ್ತೆ ಪುನರ್ವಸು ಮಳೆ ಬಿತ್ತು. ಹೊಲದ ಬಿತ್ತನೆಯನ್ನು ಅಕ್ಕ ತಮ್ಮ ಇಬ್ಬರೇ ಮಾಡಿದರು. ನನ್ನನ್ನು ಬದುವಿನ ಮೇಲೂ ನಿಲ್ಲಿಸಲಿಲ್ಲ. ಸಂಜೆ ಮನೆಗೆ ಬಂದ ಸರೋಜ ಕುಡಿಕೆಯಲ್ಲಿ ಉಳಿದಿದ್ದ ಒಂದು ಹಿಡಿ ಕಾಳನ್ನು ನನ್ನ ಬೊಗಸೆಗೆ ಹಾಕಿ, ನನ್ನನ್ನು ಹಿತ್ತಲ ಬಾಗಿಲಿಗೆ ಕರೆದುಕೊಂಡು ಹೋದಳು.

“ಹೋದ ವರ್ಷ ಎಸೆದ್ರಲ್ಲ, ಹಾಗೇ ಎಸೀರಿ. ಏನೂ ಯೋಚ್ನೆ ಮಾಡ್ಬೇಡಿ” ಎಂದಳು.

ನೀರಿನಲ್ಲಿ ಹಾಕಿ ನೋಡಲಿಲ್ಲ, ಉಜ್ಜಲಿಲ್ಲ, ಕಾಯಿಸಲಿಲ್ಲ. ಗಂಭೀರವಾಗಿ ನಿಂತು ಮೋರಿಗೆ ಎಸೆದೆ.

ಚೆನ್ನಾಗಿ ಬಂದಿವೆ.